ಖಾಲಿ ಮಣಿಯೂ ಕೆಂಪಾಯಿತು

ಹತ್ತಿ ಬರುವ ಕಾಲಕ್ಕೆ ಆದೋನಿಯ ಗಾಳಿಯಲ್ಲೂ ಹತ್ತಿಯೇ ಇರುತ್ತದೆ. ಆ ಗಾಳಿಯಲ್ಲಿ, ಜಿನ್ನಿಂಗ್ ಮಿಲ್ಲಿನ ಬೆನ್ನಿಗಿರುವ ಕಟ್ಟಡದ ಮೂರನೆಯ ಮಹಡಿಯಲ್ಲಿ, ಎರಡು ಕೂದಲೆಳೆಯಷ್ಟು ಅಗಲದ ಕಾಲುವೆಗಳಲ್ಲಿ ಎಣ್ಣೆ ಹರಿಸುವ ಪ್ರಯೋಗಾಲಯ ಇಡಬೇಕೆಂದು ತೀರ್ಮಾನಿಸುವವನಿಗೆ ಒಂದೋ ಊರು ಗೊತ್ತಿರಬಾರದು, ಇಲ್ಲವೇ ವಿಜ್ಞಾನ ಗೊತ್ತಿರಬಾರದು. ನಮ್ಮ ಡೈರೆಕ್ಟರಿಗೆ ಊರು ಚೆನ್ನಾಗಿ ಗೊತ್ತಿತ್ತು.

ಆತ ಎಲುಬಿನ ಡಾಕ್ಟರು. ಕೆಳಗಿನ ಎರಡು ಮಹಡಿ ಆತನದೇ ಆಸ್ಪತ್ರೆ. ಮುರಿದ ಕೈಕಾಲು ಕೂಡಿಸುವುದರಲ್ಲಿ ಒಳ್ಳೆಯ ಕೈ ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಐವತ್ತು ದಾಟಿದ ಮೇಲೆ ಆತನಿಗೆ ಸುತ್ತಿಗೆ, ಸ್ಕ್ರೂ, ರಾಡುಗಳ ಕೆಲಸ ಬಡಗಿಯ ಕೆಲಸದಂತೆ ಕಾಣತೊಡಗಿತ್ತು. ಯಾವುದೋ ಸಮ್ಮೇಳನದಲ್ಲಿ ‘ಸ್ಟೆಮ್ ಸೆಲ್’ ಎಂಬ ಮಾತು ಕಿವಿಗೆ ಬಿದ್ದಿತು. ಬಿದ್ದದ್ದು ಆ ಒಂದು ಮಾತು ಮಾತ್ರ. ಅದರ ಹಿಂದುಮುಂದಿನ ವಾಕ್ಯಗಳು ಬೀಳಲಿಲ್ಲ. ಜೀವಕೋಶ ಬೆಳೆಸುವ ಇನ್‌ಕ್ಯುಬೇಟರ್ ಬರುವುದಕ್ಕೆ ಎರಡು ತಿಂಗಳು ಮುಂಚೆಯೇ ಬೋರ್ಡು ಬಂತು. ಬೋರ್ಡಿನ ಮೇಲೆ ಆತನ ಹೆಸರಿನ ಕೆಳಗೆ ನನ್ನ ಹೆಸರು, ಅದರ ಹಿಂದೆ ‘ಡಾಕ್ಟರ್’. ನಾನು ಜೀವಕೋಶಗಳ ಮೇಲೆ ಸಂಶೋಧನೆ ಮಾಡಿ ಆ ಪದವಿ ಪಡೆದವಳೇ ಹೊರತು ರೋಗಿಯ ಮೈಮುಟ್ಟಿದವಳಲ್ಲ ಎಂಬುದನ್ನು ಬೋರ್ಡು ಹೇಳುತ್ತಿರಲಿಲ್ಲ. ಹಾಗಾಗಿ ವಾರಕ್ಕೆ ಇಬ್ಬರಾದರೂ ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದು, ನನ್ನ ಮುಂದೆ ಕಾಲು ಚಾಚಿ ಕೂರುತ್ತಿದ್ದರು.

ನಾನು ಒಪ್ಪಿಕೊಂಡು ಬಂದದ್ದಕ್ಕೆ ಕಾರಣ ಸರಳ. ಸಿ. ಬೆಳಗಲ್‌ನ ನಮ್ಮ ಮನೆಗೆ ಹತ್ತಿರ, ಯಂತ್ರಗಳು ಹೊಸವು, ಮತ್ತು ಡೈರೆಕ್ಟರ್ ಏನೂ ತಿಳಿಯದವನಾದ್ದರಿಂದ ನನ್ನ ಕೆಲಸದಲ್ಲಿ ತಲೆಹಾಕುವುದಿಲ್ಲ ಎಂದುಕೊಂಡಿದ್ದೆ. ತಿಳಿಯದವರೇ ಹೆಚ್ಚು ತಲೆಹಾಕುತ್ತಾರೆ ಎಂಬುದು ನನ್ನ ವಯಸ್ಸಿಗೆ ತಿಳಿದಿರಬೇಕಿತ್ತು.

ಕೆಲಸ ಏನೆಂದರೆ ಇದು. ಎಲುಬಿನೊಳಗಿನ ಮಜ್ಜೆಯಲ್ಲಿ ಇನ್ನೂ ಏನೂ ಆಗದೆ ಕುಳಿತ ಕೆಲವು ಜೀವಕೋಶಗಳಿರುತ್ತವೆ. ಹೊತ್ತು ಬಂದರೆ ಎಲುಬಾಗಬಲ್ಲವು, ಕೊಬ್ಬೂ ಆಗಬಲ್ಲವು. ಇವೇ ಆ ಸ್ಟೆಮ್ ಸೆಲ್, ಅಂದರೆ ಕಾಂಡಕೋಶಗಳು. ಏನಾಗಬೇಕೆಂಬುದನ್ನು ಅವು ಸುತ್ತಲಿನ ಜಾಗವನ್ನು ಹಿಡಿದು, ಒತ್ತಿ ನೋಡಿ ತೀರ್ಮಾನಿಸುತ್ತವೆ. ಗಟ್ಟಿ ನೆಲ ಸಿಕ್ಕರೆ ಒಂದು ದಾರಿ, ಮೆತ್ತನೆಯದು ಸಿಕ್ಕರೆ ಇನ್ನೊಂದು. ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಅವುಗಳನ್ನು ಬಂಡೆಯ ಮೇಲೆ ಮಲಗಿಸಿದ ಹಾಗೆ. ಅಲ್ಲಿ ನೋಡಿದ್ದನ್ನು ನಂಬಿ ಮೈಯೊಳಗಿನ ಮಾತು ಹೇಳುವಂತಿಲ್ಲ. ಅದಕ್ಕಾಗಿ ಒಂದೊಂದು ಜೀವಕೋಶಕ್ಕೂ ಮಜ್ಜೆಯಷ್ಟೇ ಮೆದುವಾದ ಒಂದೊಂದು ಕೋಣೆ ಕಟ್ಟಬೇಕು. ಆ ಕೋಣೆಯೇ ಜೆಲ್ಲಿನ ಮಣಿ. ಸಮುದ್ರದ ಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟನ್ನು ನೀರಿನಲ್ಲಿ ಕಲಸಿ, ಅದರಲ್ಲಿ ಜೀವಕೋಶ ಬೆರೆಸಿ, ಸಿಲಿಕೋನ್ ರಬ್ಬರಿನ ತುಂಡಿನಲ್ಲಿ ಕೊರೆದ ಸಣ್ಣ ಕಾಲುವೆಯಲ್ಲಿ ಬಿಡುತ್ತೇವೆ. ಎರಡೂ ಬದಿಯಿಂದ ಎಣ್ಣೆ ಬಂದು ಆ ಧಾರೆಯನ್ನು ಚಿವುಟುತ್ತದೆ. ಒಂದೊಂದು ಚಿವುಟಿಗೆ ಒಂದೊಂದು ಹನಿ. ಕ್ಯಾಲ್ಸಿಯಂ ತಾಗಿದ ಕೂಡಲೇ ಹನಿ ಹೆಪ್ಪುಗಟ್ಟಿ ಮಣಿಯಾಗುತ್ತದೆ. ಓದುವುದಕ್ಕೆ ಇಷ್ಟೇ.

ಮಾಡುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಮೊದಲ ತಿಂಗಳು ಪೂರ್ತಿ ಹತ್ತಿಯೇ ತಿಂದಿತು. ಕಾಲುವೆಗಳು ಸೇರುವ ಜಾಗದಲ್ಲಿ ದಿನಕ್ಕೆ ಒಂದಾದರೂ ಎಳೆ ಬಂದು ಅಡ್ಡ ಮಲಗುತ್ತಿತ್ತು. ಹಿಂದಿನಿಂದ ಪಂಪು ಒತ್ತುತ್ತಲೇ ಇರುತ್ತಿತ್ತು. ಕೊನೆಗೆ ರಬ್ಬರು ತಾನು ಅಂಟಿದ್ದ ಗಾಜಿನಿಂದ ಬಿಟ್ಟು ಎಣ್ಣೆ ಮೇಜಿನ ಮೇಲೆಲ್ಲ ಹರಿಯುತ್ತಿತ್ತು. ಕಿಟಕಿ ಸಂದುಗಳಿಗೆ ಮೇಣ ತುಂಬಿಸಿ, ಬಾಗಿಲಿಗೆ ಎರಡು ಪದರ ಪರದೆ ಹಾಕಿಸಬೇಕೆಂದೆ. ಡೈರೆಕ್ಟರ್ ಪರದೆಗೆ ಒಪ್ಪಲಿಲ್ಲ. “ಹೊರಗಿನಿಂದ ಯಂತ್ರಗಳು ಕಾಣಬೇಕಮ್ಮಾ, ವಿಸಿಟರ್ಸ್ ಬರ್ತಾರ” ಎಂದ. ನಾನು, ಟೆಕ್ನಿಷಿಯನ್ ಇಬ್ಬರೂ ಸೇರಿ ಹಳೆಯ ಸೀರೆ ಕಟ್ಟಿದೆವು. ವಿಸಿಟರ್ಸ್ ಬಂದಾಗ ಅದನ್ನು ಬಿಚ್ಚುವುದು ಆತನದೇ ಕೆಲಸವಾಯಿತು.

ಈ ಟೆಕ್ನಿಷಿಯನ್ ಕೋಸಿಗಿಯವಳು. ಇಪ್ಪತ್ತು ವರ್ಷ ಕೆಳಗಿನ ಮಹಡಿಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡಿದಾಕೆ. ನನಗಿಂತ ಹತ್ತು ವರ್ಷ ದೊಡ್ಡವಳು. ಆಕೆಗೆ ಜಗತ್ತಿನಲ್ಲಿ ಯಾರ ಮೇಲೂ ನಂಬಿಕೆಯಿರಲಿಲ್ಲ, ತಾನು ಹಚ್ಚಿದ ಲೇಬಲ್ ಮೇಲೂ ಇರಲಿಲ್ಲ. ಎರಡೆರಡು ಬಾರಿ ಓದುತ್ತಿದ್ದಳು. ಮೊದಲ ವಾರ ಆಕೆಯನ್ನು ನಾನು ದಡ್ಡಿ ಎಂದುಕೊಂಡಿದ್ದೆ.

ಎರಡನೆಯ ತೊಡಕು ಬಿಸಿಲು. ಎಣ್ಣೆ ಬಿಸಿಯಾದಂತೆ ತೆಳ್ಳಗಾಗುತ್ತದೆ. ಬೆಳಿಗ್ಗೆ ಸಾಸಿವೆಯಂತೆ ಒಂದೇ ಅಳತೆಯಲ್ಲಿ ಬೀಳುತ್ತಿದ್ದ ಹನಿಗಳು ಮಧ್ಯಾಹ್ನದ ಹೊತ್ತಿಗೆ ರಾಗಿ, ಜೋಳ, ತೊಗರಿ ಬೆರೆಸಿದಂತೆ ಬೀಳುತ್ತಿದ್ದವು. ಕೆಲಸವನ್ನು ಬೆಳಗಿನ ಏಳರಿಂದ ಹತ್ತರೊಳಗೆ ಮುಗಿಸತೊಡಗಿದೆವು. ಮೂರನೆಯದು ಸಾವು. ಹನಿಯೊಳಗೆ ಮೊದಲೇ ಬೆರೆಸಿಟ್ಟ ಕ್ಯಾಲ್ಸಿಯಂ ಬಿಡುಗಡೆಯಾಗಲೆಂದು ಎಣ್ಣೆಗೆ ಚೂರು ಹುಳಿ, ಅಂದರೆ ಆಮ್ಲ, ಬೆರೆಸಬೇಕು. ಮಣಿಗಳು ಚೆಂದ ಬಂದವು. ಒಳಗಿನ ಜೀವಕೋಶಗಳು ಎಲ್ಲವೂ ಸತ್ತಿದ್ದವು. ಆ ಹುಳಿಯಲ್ಲಿ ಅವು ಒಂದೆರಡು ನಿಮಿಷಕ್ಕಿಂತ ಹೆಚ್ಚು ತಾಳುವುದಿಲ್ಲ. ಟೆಕ್ನಿಷಿಯನ್ ಒಂದು ಕೈಯಲ್ಲಿ ಗಡಿಯಾರ, ಇನ್ನೊಂದು ಕೈಯಲ್ಲಿ ತೊಳೆಯುವ ದ್ರಾವಣ ಹಿಡಿದು ನಿಂತಳು. ಹನಿ ಹೊರಬಿದ್ದು ಹೆಪ್ಪಾದ ಕೂಡಲೇ ತೊಳೆಯುವುದು. ಅಂದು ಸಂಜೆ ನೋಡಿದರೆ ಬಹುಪಾಲು ಬದುಕಿದ್ದವು. ದುಂಡಗೆ, ಒಂದು ಮಣಿಗೆ ಒಂದು. ಆ ದಿನ ಮಾತ್ರ ನನಗೆ ಆ ಕಟ್ಟಡದ ಮೇಲೆ, ಅದರೊಳಗಿದ್ದವರ ಮೇಲೆ ಯಾವ ತಿರಸ್ಕಾರವೂ ಇರಲಿಲ್ಲ.

ಜೀವಕೋಶಗಳು ಬರುತ್ತಿದ್ದದ್ದು ಕುರಿಯ ತೊಡೆ ಎಲುಬಿನಿಂದ. ತಂದುಕೊಡುತ್ತಿದ್ದವಳು ಉರುಕುಂದದ ಆಚೆಯ ಹಳ್ಳಿಯ ಒಬ್ಬ ಹೆಂಗಸು. ಗಂಡ ಕುರಿ ಸಾಕುತ್ತಾನೆ, ಆಕೆ ಭಾನುವಾರ ಆದೋನಿಯಲ್ಲಿ ಮಟನ್ ಮಾರುತ್ತಾಳೆ. ಕುರಿಗಳನ್ನು ಯೆಮ್ಮಿಗನೂರು ರಸ್ತೆ ದಾಟಿಸುವಾಗ ಮೋಟಾರ್ ಸೈಕಲ್ ಗುದ್ದಿ ಗಂಡನ ಮೊಳಕಾಲ ಕೆಳಗಿನ ಎಲುಬು ಮುರಿದಿತ್ತು. ರಾಡು ಹಾಕಿದ್ದು ನಮ್ಮ ಡೈರೆಕ್ಟರೇ. ಗಂಡನನ್ನು ತೋರಿಸಲು ಬಂದಾಗಲೆಲ್ಲ ಆಕೆ ಸ್ಟೀಲ್ ಡಬ್ಬಿಯಲ್ಲಿ ಐಸು ತುಂಬಿ, ಅದರೊಳಗೆ ಆಗತಾನೇ ಕೊಯ್ದ ಟಗರಿನ ಎಲುಬಿಟ್ಟುಕೊಂಡು ಮೂರನೆಯ ಮಹಡಿಗೆ ಬರುತ್ತಿದ್ದಳು.

“ಏನ್ ಮಾಡ್ತೀರವ್ವಾ ಇದರಿಂದ? ಮೂಲುಗ ತೆಗೀತೀರಂತ. ಸೂಪ್ ಕುಡೀತೀರೇನು?” ಎಂದು ಮೊದಲ ಸಲ ಕೇಳಿದಳು. ಮಜ್ಜೆಗೆ ನಮ್ಮ ಕಡೆ ತೆಲುಗಿನ ಮಾತೇ ನಡೆಯುತ್ತದೆ.

“ಮೂಲುಗದಾಗಿನ ಜೀವಕೋಶ ಬೆಳೆಸ್ತೀವಿ. ಅವು ಎಲುವು ಆಗ್ತಾವೇನು ಅಂತ ನೋಡ್ತೀವಿ” ಎಂದೆ.

“ಆದ್ರ ನಮ್ಮವನ ಕಾಲಿಗಿ ಹಚ್ರಿ ಮತ್ತ. ಹತ್ತು ತಿಂಗಳಾತು, ಕೂಡವಲ್ದು. ಕುರಿ ಹಿಂದ ನಡ್ಯಾವ ಮಂಚದಾಗ ಕುಂತ್ರ ಏನ್ ಬಾಳೇವು ಅದು?”

ನಾನು ನಕ್ಕುಬಿಟ್ಟೆ. ಅದು ಬೇರೆ, ಇದು ಬೇರೆ ಎಂದು ತಿಳಿಸಿ ಹೇಳಬೇಕಿತ್ತು. ಹೇಳಲಿಲ್ಲ.

ಮಣಿಗಳನ್ನು ಎಲುಬಾಗಿಸುವ ದ್ರಾವಣದಲ್ಲಿ ಮೂರು ವಾರ ಇಟ್ಟು, ಕೊನೆಗೆ ಅಲಿಜರಿನ್ ಎಂಬ ಬಣ್ಣ ಹಾಕಬೇಕು. ಅದು ಕ್ಯಾಲ್ಸಿಯಂ ಕಂಡಲ್ಲಿ ಕೆಂಪಾಗಿ ಕೂರುತ್ತದೆ. ಎಲುಬೆಂದರೆ ಬಹುಪಾಲು ಕ್ಯಾಲ್ಸಿಯಮ್ಮೇ. ಆದ್ದರಿಂದ ಕೆಂಪು ಬಂದರೆ ಎಲುಬಿನ ದಾರಿ ಹಿಡಿದಿವೆ ಎಂದು ಲೆಕ್ಕ. ಹೋಲಿಸಿ ನೋಡಲೆಂದು ಜೀವಕೋಶವೇ ಇಲ್ಲದ ಖಾಲಿ ಮಣಿಗಳ ಒಂದು ಸೀಸೆಯನ್ನೂ ಜೊತೆಗೆ ಇಟ್ಟಿದ್ದೆ. ಇದನ್ನು ಕಂಟ್ರೋಲ್ ಎನ್ನುತ್ತೇವೆ. ಇದಿಲ್ಲದೆ ಬಣ್ಣ ಹಾಕುವುದು, ತಕ್ಕಡಿಯ ಒಂದೇ ತಟ್ಟೆಯಲ್ಲಿ ತೂಕ ಮಾಡಿದ ಹಾಗೆ.

ಇಪ್ಪತ್ತನೆಯ ದಿನ ಹೈದರಾಬಾದಿನಿಂದ ಯಾರೋ ದೊಡ್ಡ ಮನುಷ್ಯ ಬಂದ. ಬಾಗಿಲಿನ ಸೀರೆ ಬಿಚ್ಚಿತು. ಡೈರೆಕ್ಟರ್ ಅಂಗಿಯ ಮೇಲೆ ಬಿಳಿ ಕೋಟು ತೊಟ್ಟು, ಕೊರಳಲ್ಲಿ ಸ್ಟೆತಾಸ್ಕೋಪು ನೇತುಹಾಕಿಕೊಂಡು ಬಂದ. ಎಲುಬಿನ ಡಾಕ್ಟರಿಗೆ ಮೂರನೆಯ ಮಹಡಿಯಲ್ಲಿ ಸ್ಟೆತಾಸ್ಕೋಪಿನಿಂದ ಏನು ಕೆಲಸವೋ ನಾನರಿಯೆ. ಮಣಿಗಳ ಎದೆಬಡಿತ ಕೇಳುವವನಿದ್ದನೇನೋ. “ಇವು ನಮ್ಮ ಮುತ್ತುಗಳು” ಎಂದ. ಹೊರಡುವಾಗ ಅತಿಥಿಗೆ ಶಾಲು ಹೊದಿಸಿ, ನೆನಪಿನ ಕಾಣಿಕೆಯಾಗಿ ಒಂದು ಸೀಸೆ ಮುತ್ತುಗಳನ್ನೂ ಕೊಟ್ಟ. ನಾನು ಆಗ ಚಹಾ ತರಿಸಲು ಕೆಳಗೆ ಹೋಗಿದ್ದೆ. ಬಂದು ನೋಡಿದರೆ ಹೋದದ್ದು ನನ್ನ ಕಂಟ್ರೋಲ್ ಸೀಸೆ.

“ಸರ್, ಅದಿಲ್ಲದ ಬಣ್ಣ ಹಾಕೂದು ಬ್ಯಾಡ. ಹೊಸದು ಮಾಡ್ಕೊಂಡು ಮೂರು ವಾರ ಬಿಟ್ಟು ಹಾಕೋಣು” ಎಂದೆ.

“ಕಂಟ್ರೋಲ್ ಗಿಂಟ್ರೋಲ್ ತರ್ವಾತ ಚೂಸ್ಕುಂದಾಮಮ್ಮಾ” ಎಂದ. ಆಮೇಲೆ ನೋಡಿಕೊಂಡರಾಯಿತಂತೆ. “ಮೊದಲ ನಾಳೆ ಬಣ್ಣ ಹಾಕು.”

ಹಾಕಿದೆ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು: ಆತ ಹೇಳಿದ್ದಕ್ಕೆ ಹಾಕಿದೆ ಎನ್ನುವುದು ಅರ್ಧ ಸತ್ಯ. ನನಗೂ ಕೆಂಪು ನೋಡುವ ಆಸೆಯಿತ್ತು. ಮಣಿಗಳು ದಾಳಿಂಬೆ ಕಾಳಿನಂತೆ ಕೆಂಪಾದವು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಅರ್ಧ ಗಂಟೆ ಕೂತೆ. ಡೈರೆಕ್ಟರ್ ಬಂದು ನೋಡಿ, “ಎಕ್ಸಲೆಂಟ್!” ಎಂದು ಕೂಗಿ, ಅದರ ಚಿತ್ರವನ್ನು ತನ್ನ ಫೋನಿನಲ್ಲಿ ಅಡ್ಡ, ಉದ್ದ, ಓರೆಯಾಗಿ ತೆಗೆದುಕೊಂಡ. ಮಧ್ಯಾಹ್ನದೊಳಗೆ ಊರಿನ ಅರ್ಧ ಡಾಕ್ಟರುಗಳ ಫೋನಿಗೆ ಅದು ತಲುಪಿತ್ತು. ಮರುದಿನ ಲೋಕಲ್ ಚಾನೆಲ್‌ನವರು ಬಂದರು. ನಾನೂ ಹೊಸ ಸೀರೆಯುಟ್ಟು ನಿಂತಿದ್ದೆ.

ಚಾನೆಲ್‌ನವರು ಹೋದ ಮೇಲೆ ಟೆಕ್ನಿಷಿಯನ್ ತಟ್ಟೆ ತೊಳೆಯುತ್ತ, ನನ್ನ ಕಡೆ ನೋಡದೆ ಕೇಳಿದಳು: “ಮೇಡಮ್, ಜೆಲ್ಲು ಹೆಪ್ಪಾಗಾದು ಕ್ಯಾಲ್ಸಿಯಮ್‌ನಿಂದನ ಅಲ್ರೀ?”

“ಹೌದು.”

“ಬಣ್ಣ ಹತ್ತಾದೂ ಕ್ಯಾಲ್ಸಿಯಮ್ಮಿಗೆನ?”

ಆಕೆ ನಲ್ಲಿ ನಿಲ್ಲಿಸಿ ಈಗ ನನ್ನ ಮುಖ ನೋಡಿದಳು. “ಹಂಗಾದ್ರ ನಾವು ಬಣ್ಣ ಹಾಕಿದ್ದು ಎಲುವಿಗೋ, ಜೆಲ್ಲಿಗೋ?”

ಡಿಗ್ರಿ ಇದ್ದವಳು ನಾನು. ಎಣ್ಣೆಯ ಬಿಸಿಯಿಂದ ಹಿಡಿದು ಹುಳಿಯ ನಿಮಿಷಗಳವರೆಗೆ ಲೆಕ್ಕ ಇಟ್ಟವಳು ನಾನು. ಜೀವಕೋಶಕ್ಕೆ ಕೋಣೆ ಕಟ್ಟಿದ ಗಾರೆಯಲ್ಲೇ ಇದ್ದ ಕ್ಯಾಲ್ಸಿಯಂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಇಬ್ಬರೂ ಕೂತು ಖಾಲಿ ಮಣಿ ಮಾಡಿದೆವು. ಜೀವಕೋಶದ ಸುಳಿವೂ ಇಲ್ಲ. ಬರೀ ಪಾಚಿಯ ಅಂಟು, ನೀರು, ಹೆಪ್ಪಿಗೆ ಕ್ಯಾಲ್ಸಿಯಂ. ಅದೇ ಬಣ್ಣ ಹಾಕಿ, ಅದೇ ಹೊತ್ತು ಬಿಟ್ಟು, ಅಷ್ಟೇ ಸಲ ತೊಳೆದೆವು. ಖಾಲಿ ಮಣಿಯೂ ಕೆಂಪಾಯಿತು. ಸುಮಾರಾಗಿ ಅಲ್ಲ; ಅದೇ ದಾಳಿಂಬೆ ಕೆಂಪು. ಎರಡು ಸೀಸೆಗಳನ್ನು ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ತಿಳಿಯಲು ಲೇಬಲ್ ಓದಬೇಕಿತ್ತು. ಟೆಕ್ನಿಷಿಯನ್ ಎರಡು ಬಾರಿ ಓದಿದಳು.

ಇನ್ನೊಂದು ದಾರಿ ಉಳಿದಿತ್ತು. ಮಿಕ್ಕಿದ ಮಣಿಗಳನ್ನು ಸಿಟ್ರೇಟ್ ದ್ರಾವಣದಲ್ಲಿ ಕರಗಿಸಿ, ಜೀವಕೋಶಗಳನ್ನು ಹೊರತೆಗೆದು, ಅವುಗಳನ್ನೇ ನೇರವಾಗಿ ಕೇಳುವುದು. ಎಲುಬಾಗಲು ಹೊರಟ ಜೀವಕೋಶ ಒಂದು ಬಗೆಯ ಕಿಣ್ವ ತಯಾರಿಸುತ್ತದೆ. ಅದಿದ್ದರೆ ಬೇರೊಂದು ಬಣ್ಣ ಹಾಕಿದಾಗ ನೀಲಿಯಾಗುತ್ತದೆ. ಅದಕ್ಕೆರಡು ದಿನ ಹಿಡಿಯಿತು. ಅಲ್ಲಲ್ಲಿ ಒಂದೊಂದು ನೀಲಿ ಚುಕ್ಕೆ. ಉಳಿದವು ಬಣ್ಣವಿಲ್ಲದೆ, ದುಂಡಗೆ ಕೂತಿದ್ದವು. ಬದುಕಿದ್ದವು ನಿಜ. ಆದರೆ ಪಾಚಿಯ ಅಂಟಿನಲ್ಲಿ ಜೀವಕೋಶಕ್ಕೆ ಕೈಯೂರಿ ಹಿಡಿದುಕೊಳ್ಳಲು ಹಿಡಿಕೆಗಳಿರುವುದಿಲ್ಲ. ಅವನ್ನು ನಾವೇ ಬೇರೆಯಾಗಿ ಪೋಣಿಸಬೇಕು. ನಾನು ಪೋಣಿಸಿರಲಿಲ್ಲ. ಮೂರು ವಾರ ಅವು ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ಬೀಗರಂತೆ ಸುಮ್ಮನೆ ಕೂತಿದ್ದವು, ಅಷ್ಟೆ.

ಎರಡೂ ಸೀಸೆ ಹಿಡಿದು ಡೈರೆಕ್ಟರ್ ಕೋಣೆಗೆ ಹೋದೆ. ಆತ ಪೂರ್ತಿ ಕೇಳಿಸಿಕೊಂಡ, ಅಥವಾ ಕೇಳಿಸಿಕೊಳ್ಳುವವರ ಮುಖ ಮಾಡಿಕೊಂಡ.

“ಬಣ್ಣದ್ದು ನಿನ್ನ ತಪ್ಪಿರಬೋದಮ್ಮ. ಇಪ್ಪತ್ತೈದು ವರ್ಷದಿಂದ ಎಲುಬು ನೋಡ್ತಿದೀನಿ. ಎಲುಬು ಯಾವುದು, ಅಲ್ಲದ್ದು ಯಾವುದು, ನನ್ನ ಕಣ್ಣಿಗೆ ಗೊತ್ತಾಗ್ತದ. ಆ ಸೀಸೆಯಲ್ಲಿರೋದು ಎಲುಬೇ.” ನಾನು ಕೈಯಲ್ಲಿ ಹಿಡಿದಿದ್ದ ಎರಡರಲ್ಲಿ ಯಾವ ಸೀಸೆ ಎಂದು ಆತ ಹೇಳಲಿಲ್ಲ. ಆಮೇಲೆ ಕುರ್ಚಿ ಮುಂದಕ್ಕೆಳೆದು, ದನಿ ತಗ್ಗಿಸಿ ಹೇಳಿದ: “ಫಸ್ಟ್ ಪೇಷೆಂಟ್ ರೆಡಿ. ಆ ಕುರಿಯವ. ಸೋಮವಾರ ಸೊಂಟದ ಮಜ್ಜೆ ತೆಗೀತೀನಿ, ನೀನು ಮುತ್ತು ಮಾಡು. ಮುರಿದ ಜಾಗಕ್ಕೆ ಇಂಜೆಕ್ಷನ್. ಕಮಿಟಿ ಪರ್ಮಿಷನ್ನೂ ಆಯ್ತು.”

ಕಮಿಟಿ ಎಂದರೆ ಆತನ ಭಾವಮೈದುನ, ರಿಟೈರಾದ ಒಬ್ಬ ಹೆಡ್‌ಮಾಸ್ಟರು ಮತ್ತು ಔಷಧಿ ಅಂಗಡಿಯ ಮಾಲೀಕ. ಮಿರ್ಚಿ ಬಜ್ಜಿ ತಿನ್ನುತ್ತ ಸಹಿ ಹಾಕಿದ್ದರಂತೆ. ಕಾಗದದ ಮೂಲೆಯಲ್ಲಿ ಎಣ್ಣೆಯ ಗುರುತಿತ್ತು. ಆ ಕಮಿಟಿಯ ಕೆಲಸದಲ್ಲಿ ಕಣ್ಣಿಗೆ ಕಾಣುವಂಥದ್ದು ಅದೊಂದೇ.

ಈ ಕುರಿಯವನೇ ಏಕೆ ಎಂಬುದನ್ನು ಟೆಕ್ನಿಷಿಯನ್ ಹೇಳಿದಳು. “ರಾಡು ಸಣ್ಣದಾಗೈತಂತ್ರಿ. ಒಳಗ ಅಲ್ಲಾಡತೈತಿ, ಅದಕ್ಕ ಕೂಡವಲ್ದು ಅಂತ ಆಪರೇಷನ್ ಥಿಯೇಟರ್ ಸಿಸ್ಟರ್ ಅಂದ್ಲು. ತೆಗದು ದಪ್ಪಂದು ಹಾಕಬೇಕು, ಸೊಂಟದ ಎಲುವು ತುಂಬಬೇಕು. ಹಂಗ ಮಾಡಿದ್ರ ಮೊದಲಿಂದು ತಪ್ಪಾತು ಅಂತ ಒಪ್ಪಿದಂಗಲ್ಲೇನ್ರಿ?” ಥಿಯೇಟರಿನ ಮಾತು ಎಷ್ಟು ನಿಜವೋ ತೂಗಿ ನೋಡುವ ವಿದ್ಯೆ ನನಗಿಲ್ಲ. ಆದರೆ ಹತ್ತು ತಿಂಗಳು ಕೂಡದ ಕಾಲಿಗೆ ಆತ ಕೊಡಹೊರಟಿದ್ದು ಪಾಚಿಯ ಅಂಟು ಎಂಬುದು ನನಗೆ ಗೊತ್ತಿತ್ತು. ಒಂದು ತಪ್ಪನ್ನು ಮುಚ್ಚಲು ಜಗತ್ತಿನ ಹೊಸ ವಿಜ್ಞಾನವನ್ನೆಲ್ಲ ತಂದು ಮೇಲೆ ಹರಡಿದ್ದ. ನನ್ನನ್ನು ಆ ಹಚ್ಚಡದ ಕಸೂತಿ ಮಾಡಿದ್ದ.

ಗುರುವಾರ ಇದೆಲ್ಲ ಗೊತ್ತಾಯಿತು. ಸೋಮವಾರದವರೆಗೆ ನಾನು ಏನೂ ಮಾಡಲಿಲ್ಲ. ಬೆಳಗಲ್‌ಗೆ ಹೋಗಿ ಬಂದೆ, ರಾಜೀನಾಮೆ ಬರೆದೆ, ಹರಿದೆ. ಮಣಿ ಮಾಡುವುದಿಲ್ಲ ಎಂದು ಹಟ ಹಿಡಿದರೆ ಸಾಕು ಎಂದುಕೊಂಡೆ. ಆದರೆ ನಾನು ಮಾಡದಿದ್ದರೆ ಆತ ಫ್ರಿಜ್ಜಿನಲ್ಲಿದ್ದ ಖಾಲಿ ಮಣಿಗಳನ್ನೇ ಚುಚ್ಚುತ್ತಾನೆ ಎಂಬುದೂ ತಿಳಿದಿತ್ತು. ಆತನಿಗೆ ವ್ಯತ್ಯಾಸ ಗೊತ್ತಿರಲಿಲ್ಲ. ಗೊತ್ತಿರಬೇಕೆಂಬ ಅಗತ್ಯವೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎರಡನೆಯ ಮಹಡಿಯಿಂದ ಫೋನು ಬಂತು. ಕುರಿಯವ ಸಹಿ ಹಾಕಲು ಹಿಂದೆಮುಂದೆ ನೋಡುತ್ತಿದ್ದಾನೆ, ಕೆಂಪು ಸೀಸೆ ತಂದು ತೋರಿಸು ಎಂದು ಡೈರೆಕ್ಟರ್ ಹೇಳಿದ. ನಾನು ಎರಡು ಸೀಸೆ ತೆಗೆದುಕೊಂಡೆ. ಲೇಬಲ್‌ಗಳನ್ನು ಕಿತ್ತು, ತಳದಲ್ಲಿ ಮಾತ್ರ ಗುರುತು ಹಾಕಿದೆ. ಟೆಕ್ನಿಷಿಯನ್ ಬಾಗಿಲು ತೆರೆದು, ನನ್ನ ಹಿಂದೆಯೇ ಇಳಿದು ಬಂದಳು.

ವಾರ್ಡಿನಲ್ಲಿ ಕುರಿಯವ ಗೋಡೆಗೊರಗಿ ಕೂತಿದ್ದ. ಐವತ್ತರ ಆಸುಪಾಸಿನ, ಬಿಸಿಲಿಗೆ ಸುಟ್ಟ ಗಟ್ಟಿ ಆಳು. ಒಂದು ಕಾಲು ಮಾತ್ರ ಬೇರೆ ಯಾರದೋ ಎಂಬಂತೆ ತೆಳ್ಳಗೆ, ಬೆಳ್ಳಗೆ ಚಾಚಿಕೊಂಡಿತ್ತು. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಡೈರೆಕ್ಟರ್ ಮಂಚದ ಅಂಚಿನಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದ.

“ನೋಡಪ್ಪಾ, ನಿಮ್ಮ ಕುರಿ ಮಜ್ಜೆಯಿಂದ ಎಲುಬು ಮಾಡಿದ ಮೇಡಮ್ ಬಂದ್ರು” ಎಂದ.

ನಾನು ಎರಡೂ ಸೀಸೆ ಮುಂದೆ ಹಿಡಿದೆ. “ಸರ್, ಇದರಾಗ ಒಂದರಾಗ ಜೀವಕೋಶ ಅದಾವ. ಇನ್ನೊಂದು ಖಾಲಿ ಜೆಲ್ಲು. ಎಲುವು ನಿಮ್ಮ ಕಣ್ಣಿಗೆ ಗೊತ್ತಾಗತೈತಿ ಅಂದ್ರಲ್ಲ. ನೀವ ಆರಿಸಿ ಇವರಿಗೆ ತೋರಿಸ್ರಿ.”

ಆತ ನನ್ನನ್ನು ನೋಡಿದ. ಒಂದು ಕ್ಷಣ, ಏನು ನಡೆಯುತ್ತಿದೆ ಎಂದು ಆತನಿಗೆ ಅರ್ಥವಾಯಿತು ಎಂದುಕೊಂಡೆ. ಬೇಡ ಎಂದುಬಿಟ್ಟಿದ್ದರೆ ನನ್ನಲ್ಲಿ ಬೇರೆ ಉಪಾಯವಿರಲಿಲ್ಲ. ಆದರೆ ಜಂಭ ಎನ್ನುವುದು ಮನುಷ್ಯನನ್ನು ಒಳಗಿನಿಂದಲೇ ದಬ್ಬುತ್ತದೆ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಬಲಗೈಯದನ್ನು ಮುಂದೆ ಚಾಚಿದ.

“ಇದು. ನೋಡು, ಎಷ್ಟ್ ದಟ್ಟ ಐತಿ. ಇದು ಎಲುಬು.”

ಟೆಕ್ನಿಷಿಯನ್ ಸೀಸೆ ಇಸಿದುಕೊಂಡು ತಳ ತಿರುಗಿಸಿದಳು. ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. “ಖಾಲಿದು” ಎಂದಳು.

ಡೈರೆಕ್ಟರ್ ನಕ್ಕ. ಕೆಳದುಟಿ ಮಾತ್ರ ನಕ್ಕಿತು. ತೆಲುಗಿನಲ್ಲಿ ಏನೋ ತಮಾಷೆ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಕುರಿಯವ ಸೀಸೆಯನ್ನಲ್ಲ, ನನ್ನನ್ನು ನೋಡುತ್ತಿದ್ದ.

“ಹಂಗಾದ್ರ ನನ್ನ ಕಾಲಾಗ ಏನ್ ಹಾಕ್ತಿದ್ರಿ?”

“ಜೆಲ್ಲು. ಅದರಾಗ ನಿನ್ನ ಜೀವಕೋಶ ಇರ್ತಿದ್ವು. ಬದುಕಿರ್ತಿದ್ವು. ಅವು ಎಲುವು ಆಗ್ತಾವಂತ ಹೇಳಾಕ ನನ್ನ ಹತ್ರ ಏನೂ ಇಲ್ಲ. ಕರ್ನೂಲಿಗೆ ಹೋಗು. ದೊಡ್ಡಾಸ್ಪತ್ರಿಯಾಗ ತೋರಿಸು.”

ಹೆಂಡತಿ ಕೇಳಿದಳು: “ಇದು ನಿನಗ ಯಾವಾಗ ಗೊತ್ತಾತು?”

“ಗುರುವಾರ.”

“ಗುರುವಾರ.” ಆಕೆ ಬೆರಳು ಮಡಚಿ ಎಣಿಸಿದಳು. “ನಿನ್ನಿ ಮಟನ್ ಅಂಗಡಿ ಮುಂದನ ಹಾದು ಹೋದಿ. ಎಲುವು ಬೇಕೇನವ್ವಾ ಅಂದ್ರ ಬ್ಯಾಡ ಅಂತ ಕೈ ಮಾಡಿದಿ. ಆಗ್ಲೂ ಗೊತ್ತಿತ್ತು. ನಿಮ್ಮಪ್ಪನ ಕಾಲಾಗಿದ್ರ ನಾಕು ದಿನ ಬಾಯಿ ಮುಚ್ಚಿಕೊಂಡು ಇರ್ತಿದ್ದೇನು?”

ಈವರೆಗೆ ನಾನು ಡೈರೆಕ್ಟರನ ಬಗ್ಗೆ ಬರೆದದ್ದೆಲ್ಲ ತಿರಸ್ಕಾರವೇ. ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನಿಜವಾದ ತಿರಸ್ಕಾರ ಹೇಗಿರುತ್ತದೆ ಎಂಬುದನ್ನು ಅಂದು ಆ ಹೆಂಗಸಿನ ಮುಖದಲ್ಲಿ ನೋಡಿದೆ. ಅದರಲ್ಲಿ ಜಾಣ ಮಾತಿರಲಿಲ್ಲ. ಆಕೆ ಉತ್ತರಕ್ಕೂ ಕಾಯಲಿಲ್ಲ; ಗಂಡನ ಊರುಗೋಲು ಎತ್ತಿ ಕೊಟ್ಟು, ಸ್ಟೀಲ್ ಡಬ್ಬಿ ಚೀಲಕ್ಕೆ ಹಾಕಿಕೊಂಡಳು. ಸಹಿಯಿಲ್ಲದ ಕಾಗದ ಮಂಚದ ಮೇಲೆ ಉಳಿಯಿತು.

ಡೈರೆಕ್ಟರ್ ಕೂಗಾಡಲಿಲ್ಲ. ರೋಗಿಗಳ ಮುಂದೆ ಕೂಗಾಡದಷ್ಟು ವ್ಯವಹಾರ ಗೊತ್ತಿತ್ತು. ಕೋಣೆಗೆ ಕರೆದು, “ನೀನು ಸೈನ್ಸ್ ಮಾಡ್ಲಿಲ್ಲ, ಡ್ರಾಮಾ ಮಾಡಿದಿ” ಎಂದ. ಅದರಲ್ಲಿ ಸ್ವಲ್ಪ ನಿಜವಿತ್ತು. ಮಧ್ಯಾಹ್ನದೊಳಗೆ ನನ್ನ ಬೀಗದ ಕೈ ಇಸಿದುಕೊಂಡರು. ನೋಟ್‌ಬುಕ್ ಕೊಡಲಿಲ್ಲ; ಆದರೆ ಟೆಕ್ನಿಷಿಯನ್ ನೀಲಿ ಚುಕ್ಕೆಗಳ ಪುಟಗಳನ್ನು ಮೊದಲೇ ಫೋಟೊ ತೆಗೆದಿಟ್ಟಿದ್ದಳು. ಆಕೆ ಕೆಲಸ ಬಿಡಲಿಲ್ಲ. “ನನಗ ಮಕ್ಕಳದಾವ್ರೀ ಮೇಡಮ್. ಕೆಳಗ ರಕ್ತ ಪರೀಕ್ಷಿಗಿ ಹೊಕ್ಕೀನಿ. ರಕ್ತ ಸುಳ್ಳು ಹೇಳಂಗಿಲ್ಲ” ಎಂದಳು. ಬೋರ್ಡಿನಲ್ಲಿ ನನ್ನ ಹೆಸರು ಇನ್ನೂ ಮೂರು ತಿಂಗಳಿತ್ತು. ನಾನು ಎರಡು ಪತ್ರ ಬರೆದ ಮೇಲೆ ಅದರ ಮೇಲೆ ಕಾಗದ ಅಂಟಿಸಿದರಂತೆ.

ನಾನೀಗ ರಾಯಚೂರಿನ ಒಂದು ಕಾಲೇಜಿನಲ್ಲಿದ್ದೇನೆ. ಅದೇ ಕಾಲುವೆ, ಅದೇ ಎಣ್ಣೆ. ಅಂಟಿಗೆ ಈಗ ಹಿಡಿಕೆಗಳನ್ನು ಪೋಣಿಸುತ್ತೇನೆ. ಕೆಲವು ಜೀವಕೋಶಗಳು ಕೈ ಚಾಚುತ್ತವೆ, ಕೆಲವು ಚಾಚುವುದಿಲ್ಲ. ಅದಕ್ಕಿಂತ ಹೆಚ್ಚಿನದನ್ನು ಯಾರಿಗೂ ಹೇಳುವುದಿಲ್ಲ.

ಕಳೆದ ಹತ್ತಿ ಸುಗ್ಗಿಯ ಹೊತ್ತಿಗೆ ಗುರುತಿಲ್ಲದ ನಂಬರಿನಿಂದ ವಾಟ್ಸಾಪಿಗೆ ಒಂದು ಎಕ್ಸ್‌ರೇ ಬಂತು. ಕಿಟಕಿಗೆ ಹಿಡಿದು ತೆಗೆದ ಫೋಟೊ. ಅಂಚಿನಲ್ಲಿ ಯಾರದೋ ಬಳೆ ತೊಟ್ಟ ಕೈ. ಮೊಳಕಾಲ ಕೆಳಗಿನ ಎಲುಬು, ಒಳಗೆ ದಪ್ಪನೆಯ ಹೊಸ ರಾಡು. ಕೆಳಗೊಂದು ಧ್ವನಿ ಸಂದೇಶ. ಕುರಿಯವನ ಹೆಂಡತಿ.

“ಕರ್ನೂಲಾಗ ಮತ್ತ ಮಾಡ್ಯಾರ. ಸೊಂಟದ ಎಲುವು ತೆಗದು ತುಂಬ್ಯಾರ. ಕೂಡೈತೇನು ನೋಡಿ ಹೇಳು.”

ನಾನು ಬರೆದೆ: ನಾನು ಆ ಥರದ ಡಾಕ್ಟರಲ್ಲ. ಅಲ್ಲಿಯ ಡಾಕ್ಟರನ್ನೇ ಕೇಳು.

ಇನ್ನೊಂದು ಸಂದೇಶ ಬಂತು. ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

“ಕೇಳೀನಿ. ಕೂಡೈತಿ ಅಂದಾರ. ಮೊದಲಿನವ್ರೂ ಕೂಡತೈತಿ, ಕೂಡತೈತಿ ಅಂತಲೇ ಅಂದಿದ್ರು. ಇಲ್ಲ ಅಂದಾಕಿ ನೀ ಒಬ್ಬಾಕಿ. ತಡ ಮಾಡಿ ಅಂದಿ, ಅಂದಿ. ಅದಕ್ಕ ನಿನ್ನ ಕೇಳಾಕತ್ತೀನಿ.”

ನಮ್ಮ ಕಾಲೇಜಿನ ಪಕ್ಕದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಓದುವ ಡಾಕ್ಟರೊಬ್ಬಳಿದ್ದಾಳೆ. ಫೋನು ಹಿಡಿದು ಅಂದೇ ಹೋದೆ. ಈ ಫೋಟೊ ಸಾಲದು, ಪಕ್ಕದಿಂದ ತೆಗೆದದ್ದೂ ಬೇಕು ಎಂದಳು. ತರಿಸಿಕೊಂಡೆ. ಮುರಿದ ಗೆರೆಯ ಮೇಲೆ ಎರಡೂ ಕಡೆಯಿಂದ ಬಂದು ಸೇರಿದ ಬಿಳಿಯ ಸೇತುವೆಯನ್ನು ಬೆರಳಿಟ್ಟು ತೋರಿಸಿದಳು. ಮುಂದೆ, ಹಿಂದೆ, ಒಳಬದಿ. ಹೊರಬದಿಯಲ್ಲಿ ಇನ್ನೂ ಒಂದು ಸಣ್ಣ ಸಂದು ಉಳಿದಿತ್ತು. ನಾನು ಅದನ್ನು ಮತ್ತೆ ಕೇಳಿದೆ. ಆಕೆ ಮತ್ತೆ ತೋರಿಸಿದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಬರೆಯದೆ, ಬಾಯಲ್ಲೇ ಹೇಳಿ ಕಳಿಸಿದೆ: “ಮೂರು ಕಡೆ ಕೂಡೈತಿ. ಒಂದು ಕಡೆ ಇನ್ನಾ ಇಲ್ಲ.”